ಹುಣಸೆ ಬೀಜದ ಮಾತು ಕೇಳಿ ಕೋಟೆ ಹತ್ತಿದ್ದು

ಚಿತ್ರದುರ್ಗದ ನಮ್ಮ ಮನೆ ಪಡಸಾಲೆಯಲ್ಲಿ ಒಂದು ಚಪ್ಪಡಿ ಕಲ್ಲಿದೆ. ಅದರ ಮೇಲೆ ಐದೈದರಂತೆ ಇಪ್ಪತ್ತೈದು ಮನೆ ಕೆತ್ತಿದ್ದಾರೆ. ಮಧ್ಯಾಹ್ನ ಊಟ ಆದಮೇಲೆ ಅಜ್ಜಿ ಅಲ್ಲಿ ಚೌಕಾಬಾರ ಆಡಿಸುತ್ತಿದ್ದಳು. ದಾಳ ಅಂದರೆ ನಾಲ್ಕು ಹುಣಸೆ ಬೀಜ, ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದು. ಉಜ್ಜುವಾಗ ಬೀಜ ಕಾದಿರುತ್ತಿತ್ತು. ಅದನ್ನು ನಮ್ಮ ತೋಳಿಗೆ ಮುಟ್ಟಿಸಿ ಚುರುಕ್ ಅನ್ನಿಸಿದರೆ ಅವಳಿಗೆ ಖುಷಿಯೋ ಖುಷಿ.

ಅಜ್ಜಿ ಹೋದಮೇಲೆ ಆ ಕಲ್ಲಿನ ಮೇಲೆ ಯಾರೂ ಆಡಿರಲಿಲ್ಲ. ಮೊನ್ನೆ ನಾನು ಅದರ ಮುಂದೆ ಕೂತೆ, ಒಬ್ಬಳೇ. ಕಾಯಿ ಇಲ್ಲ, ಎದುರಾಳಿ ಇಲ್ಲ. ಅಜ್ಜಿಯ ನಾಲ್ಕು ಬೀಜ, ಒಂದು ಲೂಡೋ ದಾಳ, ಒಂದು ನೋಟ್‌ಬುಕ್ಕು. ಹತ್ತು ನಿಮಿಷದಲ್ಲಿ ಆಟ ಶುರುವಾಯಿತು. ಎರಡು ಗಂಟೆ ಮೇಲೇಳಲಿಲ್ಲ.

ಆಡಿದ್ದು ರೋಲ್‌ಪ್ಲೇಯಿಂಗ್ ಆಟ. ಅಂದರೆ ಒಂದು ಪಾತ್ರವಾಗಿ, ಅದರ ಕಣ್ಣಿಂದ ಕಥೆಯೊಳಗೆ ನಡೆಯುವುದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಂದಾಗ ಈ ಬಗೆಯ ಆಟಕ್ಕೆ ಒಂದು ರೂಪ ಬಂತು. ಅದರಲ್ಲಿ ಒಬ್ಬರು ಗೇಮ್ ಮಾಸ್ಟರ್. ನಮ್ಮ ಬಯಲಾಟದ ಭಾಗವತರಿದ್ದ ಹಾಗೆ: ಕಥೆ ನಡೆಸುವವರು ಅವರು, ಪಾತ್ರ ಕಟ್ಟುವವರು ಉಳಿದವರು. ಆದರೆ ಬಯಲಾಟದಲ್ಲಿ ಮುಂದೇನು ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ. ನೀವು ಗೋಡೆ ಹಾರುತ್ತೀರೋ ಬೀಳುತ್ತೀರೋ ಅನ್ನುವುದನ್ನು ದಾಳ ಹೇಳುತ್ತದೆ.

ತೊಂದರೆ ಏನಪ್ಪಾ ಅಂದರೆ, ಇದಕ್ಕೆ ನಾಲ್ಕೈದು ಜನ ಬೇಕು. ನಾನು ಕೆಲಸ ಮಾಡುವ ದಾವಣಗೆರೆಯಲ್ಲಿ ನಾವು ನಾಲ್ವರು ಗೆಳತಿಯರು ಶುರು ಮಾಡಿದ್ದೆವು. ಮೂರು ಭಾನುವಾರ ಚೆನ್ನಾಗಿ ನಡೆಯಿತು, ಮಂಡಕ್ಕಿ ಮಿರ್ಚಿ ಜೊತೆಗೆ. ಆಮೇಲೆ ಒಬ್ಬಳಿಗೆ ರಾತ್ರಿ ಪಾಳಿ, ಇನ್ನೊಬ್ಬಳಿಗೆ ಕೈಗೂಸು, ಮತ್ತೊಬ್ಬಳು ಬೆಂಗಳೂರಿಗೆ. ಇದು ಹೊಸ ಕಷ್ಟವೇನಲ್ಲ. 1976ರಷ್ಟು ಹಿಂದೆಯೇ ಒಬ್ಬರೇ ಕೂತು ಆಡುವ ಸಾಹಸದ ಪುಸ್ತಕಗಳು ಬಂದಿದ್ದವು. ಆದರೆ ಅವುಗಳಲ್ಲಿ ದಾರಿಗಳನ್ನು ಮೊದಲೇ ಬರೆದಿಟ್ಟಿರುತ್ತಾರೆ, ನೀವು ಆರಿಸಬೇಕು ಅಷ್ಟೇ. 2003ರಲ್ಲಿ ಬಂದ ‘ಮಿಥಿಕ್’ ಅನ್ನುವ ಆಟ ಬೇರೆ ದಾರಿ ಹಿಡಿಯಿತು. ಗೇಮ್ ಮಾಸ್ಟರ್‌ಗೆ ಕೇಳುವ ಪ್ರಶ್ನೆಯನ್ನು ದಾಳಕ್ಕೇ ಕೇಳಿ ಅಂದಿತು. 2018ರ ‘ಐರನ್‌ಸ್ವೋರ್ನ್’ ಅಂತೂ ಒಬ್ಬರೇ ಆಡುವುದಕ್ಕೆ ಹೇಳಿಮಾಡಿಸಿದ್ದು, ಅದರ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಈಗ ಒಂದೇ ಹಾಳೆಯಲ್ಲಿ ನಿಯಮ ಮುಗಿಯುವ ಆಟಗಳೂ ಬೇಕಾದಷ್ಟಿವೆ.

ನನ್ನನ್ನು ಕಾಡಿದ ಪ್ರಶ್ನೆ ಇದು. ಒಬ್ಬಳೇ ಇದ್ದೀನಿ, ಕಥೆಯೂ ನನ್ನದೇ. ಮತ್ತೆ ದಾಳ ಯಾಕೆ? ಸುಮ್ನೆ ಕಲ್ಪಿಸಿಕೊಂಡರೆ ಆಗಲ್ವಾ?

ಆಗಲ್ಲ. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲು ಆಗದ ಹಾಗೆ. ಸಾರಾ-ಜೇನ್ ಬ್ಲೇಕ್‌ಮೋರ್, ಡೇನಿಯಲ್ ವೋಲ್ಪರ್ಟ್, ಕ್ರಿಸ್ ಫ್ರಿತ್ ಅನ್ನುವ ವಿಜ್ಞಾನಿಗಳು 1998ರಲ್ಲಿ ಇದನ್ನೇ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದರು. ಕೈ ಆಡಿಸುವ ಮೊದಲೇ ‘ಈಗ ಹೀಗೆ ಅನ್ನಿಸುತ್ತೆ’ ಅಂತ ಮೆದುಳು ಲೆಕ್ಕ ಹಾಕಿರುತ್ತದೆ. ಈ ಲೆಕ್ಕದಲ್ಲಿ ಕಿರುಮೆದುಳಿನ ಪಾತ್ರ ದೊಡ್ಡದು. ಅಂದುಕೊಂಡದ್ದೇ ಆದರೆ ಮೆದುಳು ಅದಕ್ಕೆ ಬೆಲೆ ಕೊಡುವುದಿಲ್ಲ. ಮುಂದಿನ ವರ್ಷದ ಪ್ರಯೋಗ ಇನ್ನೂ ಚೆಂದ. ನಿಮ್ಮ ಎಡಗೈ ಆಡಿಸಿದರೆ ಒಂದು ರೋಬೋಟು ನಿಮ್ಮ ಬಲ ಅಂಗೈಯನ್ನು ಸವರುತ್ತದೆ. ಕೈ ಆಡಿಸುವುದಕ್ಕೂ ಸವರುವುದಕ್ಕೂ ನಡುವೆ ಸೆಕೆಂಡಿನ ಹತ್ತರಲ್ಲಿ ಒಂದು ಪಾಲು, ಎರಡು ಪಾಲು, ಮೂರು ಪಾಲು ತಡ ಮಾಡಿದರು. ತಡ ಹೆಚ್ಚಿದಷ್ಟೂ ಕಚಗುಳಿ ಹೆಚ್ಚಾಯಿತು. ಲೆಕ್ಕ ತಪ್ಪಿತಲ್ಲ, ಅದಕ್ಕೆ.

ಕಥೆಗೂ ಕಚಗುಳಿಗೂ ಮೆದುಳಲ್ಲಿ ಒಂದೇ ದಾರಿ ಅಂತ ನಾನು ಹೇಳುತ್ತಿಲ್ಲ, ಇದು ಹೋಲಿಕೆ ಮಾತ್ರ. ಆದರೆ ನನ್ನ ಮಟ್ಟಿಗೆ ತುಂಬಾ ಸರಿಹೋಗುವ ಹೋಲಿಕೆ. ನಾನೇ ಕಟ್ಟಿದ ಕಥೆಯಲ್ಲಿ ಬಾಗಿಲ ಹಿಂದೆ ಏನಿದೆ ಅಂತ ನನಗೆ ಮೊದಲೇ ಗೊತ್ತು. ಅಲ್ಲಿ ಬೇರೆ ಯಾವುದೋ ಕೈ ಬಂದು ಮುಟ್ಟಬೇಕು. ಆ ಕೈ ದಾಳದ್ದು.

‘ಮನಸ್ಸಲ್ಲೇ ಚೀಟಿ ಎತ್ತಿದರೆ ಸಾಲದೇ’ ಅಂತಲೂ ಅನ್ನಬಹುದು. ಅದೂ ಸಾಲದು, ಯಾಕಂದರೆ ಯದ್ವಾತದ್ವಾ ಯೋಚಿಸುವುದು ಮನುಷ್ಯರಿಗೆ ಬರುವುದೇ ಇಲ್ಲ. ಮನೆಯವರಿಗೆ ಹೇಳಿ: ನಾಣ್ಯ 20 ಸಲ ಚಿಮ್ಮಿದ ಹಾಗೆ ಊಹಿಸಿಕೊಂಡು ರಾಜ, ರಾಣಿ ಅಂತ ಬರೆಯಿರಿ. ಹೆಚ್ಚಿನವರು ಪಾಪ, ನ್ಯಾಯವಾಗಿ ಹಂಚುತ್ತಾರೆ. ಒಂದೇ ಮುಖ ಸಾಲಾಗಿ ನಾಲ್ಕು ಸಲ ಬರೆಯಲು ಕೈ ಹಿಂಜರಿಯುತ್ತದೆ. ನಿಜವಾದ ನಾಣ್ಯಕ್ಕೆ ಆ ಸಂಕೋಚ ಇಲ್ಲ. 20 ಚಿಮ್ಮುಗಳಲ್ಲಿ ಒಂದೇ ಮುಖ ನಾಲ್ಕು ಸಲವೋ ಅದಕ್ಕಿಂತ ಜಾಸ್ತಿಯೋ ಸಾಲಾಗಿ ಬೀಳುವ ಸಾಧ್ಯತೆ 100ಕ್ಕೆ ಸುಮಾರು 77.

ಈಗ ಅಜ್ಜಿಯ ಬೀಜಕ್ಕೆ ಬರೋಣ. ಪ್ರತಿ ಬೀಜಕ್ಕೂ ಎರಡು ಮುಖ, ಬಿಳಿ ಮತ್ತು ಕಂದು. ನಾಲ್ಕು ಬೀಜ ಬೀಳುವ ರೀತಿ ಒಟ್ಟು 16. ಒಂದು ಬಿಳಿ ಬೀಳುವುದು 4 ರೀತಿ, ಎರಡು ಬಿಳಿ 6 ರೀತಿ, ಮೂರು ಬಿಳಿ 4 ರೀತಿ. ನಾಲ್ಕೂ ಬಿಳಿಯಾದರೆ ಚೌಕ, ಒಂದೇ ರೀತಿ. ನಾಲ್ಕೂ ಕಂದಾದರೆ ಎಂಟು, ಅಂದರೆ ಬಾರ, ಅದೂ ಒಂದೇ ರೀತಿ. ಚೌಕ, ಬಾರ ಬಿದ್ದಾಗ ಪಡಸಾಲೆಯಲ್ಲಿ ಯಾಕೆ ಅಷ್ಟು ಕೂಗಾಟ ಆಗುತ್ತಿತ್ತು ಅಂತ ಈ ಲೆಕ್ಕ ಮಾಡಿದ ದಿನ ನನಗೆ ಅರ್ಥವಾಯಿತು. ಹೆಸರು ಸಿಕ್ಕಿದ್ದು ಅಪರೂಪದ ಗರಗಳಿಗೆ.

ನಾನು ಮಾಡಿದ್ದು ಇಷ್ಟೇ. ಹೌದು-ಇಲ್ಲ ಅಂತ ಉತ್ತರ ಬರುವ ಪ್ರಶ್ನೆ ಕೇಳಿ ಬೀಜ ಎಸೆಯುವುದು. ಒಂದು ಬಿದ್ದರೆ ಇಲ್ಲ. ಮೂರು ಬಿದ್ದರೆ ಹೌದು. ಎರಡು ಬಿದ್ದರೆ ‘ಹೌದು, ಆದರೆ ತೊಡಕಿದೆ’. ಚೌಕ ಬಿದ್ದರೆ ‘ಹೌದು, ಅದರ ಮೇಲೆ ಇನ್ನೊಂದು’. ಬಾರ ಬಿದ್ದರೆ ‘ಇಲ್ಲ, ಅದರ ಮೇಲೆ ಕೇಡು’. ಎಲ್ಲಕ್ಕಿಂತ ಹೆಚ್ಚು ಸಲ ಬೀಳುವ ಗರಕ್ಕೆ ‘ಆದರೆ’ಯನ್ನು ಬೇಕಂತಲೇ ಕೊಟ್ಟೆ. ಬರೀ ‘ಇಲ್ಲ’ ಬಂದರೆ ಕಥೆ ಗೋಡೆಗೆ ಗುದ್ದಿ ನಿಲ್ಲುತ್ತದೆ. ಬರೀ ‘ಹೌದು’ ಬಂದರೆ ಸಪ್ಪೆ. ‘ಆದರೆ’ ಬಂದರೆ ಮುಂದಿನ ಪ್ರಶ್ನೆ ತಾನಾಗೇ ಹುಟ್ಟುತ್ತದೆ.

ಒಂದು ಎಚ್ಚರಿಕೆ. ಉಜ್ಜಿದ ಬೀಜದ ಬಿಳಿ ಮುಖ ಚಪ್ಪಟೆ, ಹಿಂಭಾಗ ಉಬ್ಬು. ಹಾಗಾಗಿ ಎರಡೂ ಮುಖ ಸಮ ಸಮ ಬೀಳುತ್ತವೆ ಅನ್ನಲು ಬರುವುದಿಲ್ಲ. ಬಿಳಿ 100ಕ್ಕೆ 60 ಸಲ ಬೀಳುವ ಬೀಜಗಳು ಅಂದುಕೊಳ್ಳಿ. ಸಣ್ಣ ವ್ಯತ್ಯಾಸ ಅನ್ನಿಸುತ್ತದೆ. ಆದರೆ ಆಗ ಚೌಕ 100ಕ್ಕೆ ಸುಮಾರು 13 ಸಲ ಬಿದ್ದರೆ ಬಾರ ಎರಡೂವರೆ ಸಲ. ಐದು ಪಟ್ಟು ಅಂತರ! ಒಂದೊಂದೇ ಬೀಜವನ್ನು 100 ಸಲ ಎಸೆದು ಎಣಿಸಿ. ಬಿಳಿ 40ರಿಂದ 60ರ ಒಳಗೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಸಮವಾದ ಬೀಜವೂ ಅಷ್ಟು ಆಚೀಚೆ ಆಗುತ್ತದೆ. ಅದರ ಹೊರಗೆ ಹೋದರೆ ಇನ್ನೊಂದು ಬೀಜ ಹುಡುಕಿ.

ಇನ್ನು ಆಟ. ನನ್ನ ಪಾತ್ರ ತಿಪ್ಪವ್ವ, ವಯಸ್ಸು ಹದಿನಾಲ್ಕು. 1779ರಲ್ಲಿ ಹೈದರಾಲಿ ಚಿತ್ರದುರ್ಗದ ಕೋಟೆ ಹಿಡಿಯುವುದಕ್ಕೆ ಸ್ವಲ್ಪ ಮುಂಚಿನ ಕಾಲ. ಅವಳ ಅಪ್ಪ ಮೇಲಿನ ಬತೇರಿಯಲ್ಲಿ ಕಾವಲಿನವನು. ರಾತ್ರಿ ರೊಟ್ಟಿ ಗಂಟು ಹಿಡಿದು ಅವನಿಗೆ ಕೊಡಲು ಹೊರಟಿದ್ದಾಳೆ. ಅವಳಿಗೆ ಏನು ಬೇಕು: ಅಪ್ಪ ಬಿಸಿ ಇರುವಾಗಲೇ ಉಣ್ಣಬೇಕು. ಅವಳಿಗೆ ಏನು ಭಯ: ಕತ್ತಲು. ಪಾತ್ರ ಕಟ್ಟಲು ಇಷ್ಟೇ ಸಾಕು, ಎರಡು ನಿಮಿಷದ ಕೆಲಸ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಆರು ಕೆಲಸ ಬರೆದೆ: ಮುಚ್ಚಿಡು, ಕರೆ, ಮುರಿ, ಕಾಯು, ಸುಳ್ಳು ಹೇಳು, ವಾಪಸ್ ಕೊಡು. ಪಕ್ಕದಲ್ಲಿ ಆರು ವಸ್ತು: ನೀರು, ಬೆಂಕಿ, ಗಂಟೆ, ಕಲ್ಲು, ಹಸು, ಹಗ್ಗ. ಲೂಡೋ ದಾಳ ಎರಡು ಸಲ ಹಾಕಿದರೆ 36 ಜೋಡಿ ಸಿಗುತ್ತವೆ.

ಕೋಟೆಯ ಕಾಮನ ಬಾಗಿಲು ತೆರೆದಿದೆಯಾ? ಎರಡು ಬಿತ್ತು. ತೆರೆದಿದೆ, ಆದರೆ ಅಲ್ಲಿ ಇರಬೇಕಾದ ಕಾವಲಿನವನಿಲ್ಲ. ಹತ್ತಿರದಲ್ಲೆಲ್ಲಾದರೂ ಇದ್ದಾನಾ? ಒಂದು. ಇಲ್ಲ. ತಿಪ್ಪವ್ವ ಗೋಡೆ ತಡವರಿಸುತ್ತಾ ಏಕನಾಥೇಶ್ವರಿ ಗುಡಿಯ ತನಕ ಬಂದಳು. ಅಲ್ಲಿ ಏನು ಕಾಣುತ್ತಾಳೆ? ಲೂಡೋ ದಾಳ ಹಾಕಿದೆ. ‘ಮುಚ್ಚಿಡು’. ಮತ್ತೆ ಹಾಕಿದೆ. ‘ಗಂಟೆ’.

ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಮೈ ಜುಮ್ಮೆಂದಿತು. ಗುಡಿಯ ಗಂಟೆ ಜಾಗದಲ್ಲಿಲ್ಲ. ಯಾರೋ ಬಿಚ್ಚಿ, ಬಟ್ಟೆ ಸುತ್ತಿ, ಕಲ್ಲಿನ ಸಂದಿಯಲ್ಲಿ ಇಟ್ಟಿದ್ದಾರೆ. ಶತ್ರು ಬಂದರೂ ಗಂಟೆ ಬಾರಿಸಿ ಊರನ್ನು ಎಬ್ಬಿಸುವಂತಿಲ್ಲ. ಬಿಚ್ಚಿದವರು ಯಾರು? ಪೆನ್ನು ತಾನಾಗೇ ಬರೆಯಿತು: ‘ಅಪ್ಪನಾ?’

ಬೀಜ ಎಸೆದೆ. ನಾಲ್ಕೂ ಬಿಳಿ.

ಹೌದು, ಅದರ ಮೇಲೆ ಇನ್ನೊಂದು. ಗಂಟೆಗೆ ಸುತ್ತಿದ ಬಟ್ಟೆ ಅವ್ವನ ಸೀರೆಯ ಸೆರಗು. ಅವ್ವನಿಗೂ ಗೊತ್ತಿದೆ.

ಕಣ್ಣಲ್ಲಿ ನೀರು ಬಂತು ಅಂತ ಹೇಳಲು ನನಗೇನೂ ನಾಚಿಕೆ ಇಲ್ಲ. ನಾಲ್ಕು ಹುಣಸೆ ಬೀಜ, ಹತ್ತು ರೂಪಾಯಿಯ ದಾಳ. ಇವಕ್ಕೆ ತಿಪ್ಪವ್ವ ಗೊತ್ತಿಲ್ಲ, ದ್ರೋಹ ಅಂದರೆ ಗೊತ್ತಿಲ್ಲ. ಹಾಗಾದರೆ ಈ ಕಥೆ ಹೇಳಿದ್ದು ಯಾರು?

ಮೆದುಳಿನ ವಿಜ್ಞಾನಿ ಮೈಕೆಲ್ ಗಜ್ಜಾನಿಗಾ 1970ರ ದಶಕದಲ್ಲಿ ಮಾಡಿದ ಒಂದು ಪ್ರಯೋಗದಲ್ಲಿ ಇದಕ್ಕೆ ಸುಳಿವಿದೆ. ಮೂರ್ಛೆ ರೋಗದ ಚಿಕಿತ್ಸೆಗೆ ಅಂತ ಮೆದುಳಿನ ಎಡ-ಬಲ ಭಾಗಗಳ ನಡುವಿನ ಸೇತುವೆಯನ್ನು ಕತ್ತರಿಸಿದ್ದ ಒಬ್ಬ ರೋಗಿ. ಅವನ ಎಡಮೆದುಳಿಗೆ ಕೋಳಿಯ ಕಾಲಿನ ಚಿತ್ರ ತೋರಿಸಿದರು, ಬಲಮೆದುಳಿಗೆ ಹಿಮ ಬಿದ್ದ ಮನೆ. ಆಮೇಲೆ ಹೊಂದುವ ಚಿತ್ರ ಆರಿಸು ಅಂದರು. ಬಲಗೈ ಕೋಳಿಯನ್ನು ತೋರಿಸಿತು, ಎಡಗೈ ಹಿಮ ಬಾಚುವ ಸಲಿಕೆಯನ್ನು. ಸಲಿಕೆ ಯಾಕೆ ಅಂತ ಕೇಳಿದರು. ಮಾತಾಡುವುದು ಎಡಮೆದುಳು, ಅದು ಹಿಮ ನೋಡೇ ಇಲ್ಲ. ಆದರೂ ತಡವರಿಸದೆ ಉತ್ತರ ಕೊಟ್ಟಿತು: ಕೋಳಿ ಗೂಡು ಸ್ವಚ್ಛ ಮಾಡೋಕೆ ಸಲಿಕೆ ಬೇಕಲ್ವಾ! ಅವನು ಸುಳ್ಳು ಹೇಳಲಿಲ್ಲ. ಕೈಗೆ ಸಿಕ್ಕಿದ ಎರಡು ಚೂರನ್ನು ಹೊಲಿದು ಒಂದು ಅರ್ಥ ಮಾಡಿಕೊಂಡ. ಗಜ್ಜಾನಿಗಾ ಎಡಮೆದುಳಿನ ಈ ಗುಣಕ್ಕೆ ‘ವ್ಯಾಖ್ಯಾನಕಾರ’ ಅಂತಲೇ ಹೆಸರಿಟ್ಟರು.

ಇದು ರೋಗಿಗಳ ಪಾಡು ಮಾತ್ರ ಅಲ್ಲ. 1944ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ಅನ್ನುವ ಮನೋವಿಜ್ಞಾನಿಗಳು ಒಂದು ಪುಟ್ಟ ಚಲನಚಿತ್ರ ತೋರಿಸಿದ್ದರು. ಅದರಲ್ಲಿ ಎರಡು ತ್ರಿಕೋನ, ಒಂದು ವೃತ್ತ ಓಡಾಡುತ್ತವೆ, ಅಷ್ಟೇ. ಏನು ನೋಡಿದಿರಿ ಅಂತ 34 ಜನರನ್ನು ಕೇಳಿದರೆ ಒಬ್ಬರು ಮಾತ್ರ ಆಕಾರಗಳ ಬಗ್ಗೆ ಹೇಳಿದರು. ಉಳಿದವರಿಗೆ ಕಂಡದ್ದು ಜಗಳ, ಹೆದರಿಕೆ, ಅಟ್ಟಿಸಿಕೊಂಡು ಹೋಗುವುದು.

ನಮ್ಮ ಕಡೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಅಂದರೆ ಅಷ್ಟೂ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಬರುವುದು ಒಂದೇ ಸಾಲಿನ ಕಾರಣಿಕ, ಅಂದರೆ ಭವಿಷ್ಯವಾಣಿ. ವಾಪಸ್ ಬರುವ ಬಸ್ಸಿನಲ್ಲಿ ಒಬ್ಬರು ಅದನ್ನು ಮಳೆಗೆ ಹೊಂದಿಸುತ್ತಾರೆ, ಒಬ್ಬರು ಮೆಕ್ಕೆಜೋಳದ ರೇಟಿಗೆ, ಇನ್ನೊಬ್ಬರು ರಾಜಕೀಯಕ್ಕೆ. ಕಾರಣಿಕ ನಂಬಿಕೆಯ ವಿಷಯ, ಅದನ್ನು ಆಟದ ಜೊತೆ ಇಡುವುದು ನನಗೂ ಇಷ್ಟವಿಲ್ಲ. ನಾನು ಹೇಳುತ್ತಿರುವುದು ಬಸ್ಸಿನ ಮಾತುಕತೆಯ ಬಗ್ಗೆ. ಮಾತು ಚಿಕ್ಕದಾದಷ್ಟೂ ಕೇಳುವವರ ಮನಸ್ಸು ಅದರೊಳಗೆ ಹೆಚ್ಚು ಕೆಲಸ ಮಾಡುತ್ತದೆ. ಹಾಳೆಯಷ್ಟು ನಿಯಮದ ಆಟಗಳು ನಡೆಯುವುದು ಇದೇ ಬಲದ ಮೇಲೆ. ಇನ್ನೂರು ಪುಟದ ನಿಯಮ ಓದಿದ್ದರೆ ನನಗೆ ‘ಮುಚ್ಚಿಡು, ಗಂಟೆ’ಯಷ್ಟು ಸಿಗುತ್ತಿತ್ತು ಅಂತ ಅನ್ನಿಸುವುದಿಲ್ಲ.

ಆದರೆ ಹೊಲಿಯಲು ಬಟ್ಟೆಯೂ ಬೇಕು. 2007ರಲ್ಲಿ ಡೆಮಿಸ್ ಹಸ್ಸಾಬಿಸ್, ಎಲೀನರ್ ಮ್ಯಾಗ್ವೈರ್ ಮತ್ತು ಜೊತೆಗಾರರು ಮೆದುಳಿನ ಹಿಪ್ಪೊಕ್ಯಾಂಪಸ್ ಅನ್ನುವ ಭಾಗ ಕೆಟ್ಟು ನೆನಪು ಕಳೆದುಕೊಂಡ ಐವರನ್ನು ಪರೀಕ್ಷಿಸಿದರು. ಸಮುದ್ರದ ದಂಡೆಯಲ್ಲಿ ಮಲಗಿದ್ದೀರಿ ಅಂದುಕೊಳ್ಳಿ, ಏನು ಕಾಣುತ್ತದೆ ಅಂತ ಕೇಳಿದರು. ನಾಲ್ವರಿಗೆ ಚೂರು ಚೂರು ಕಂಡಿತೇ ಹೊರತು ಒಂದು ಜಾಗವಾಗಿ ಕೂಡಿಕೊಳ್ಳಲಿಲ್ಲ. ನೆನಪು ಇಡುವ ಜಾಗವೇ ಕಲ್ಪನೆಗೂ ನೆಲ ಹಾಸಿಕೊಡುತ್ತದೆ. (ಹಸ್ಸಾಬಿಸ್ ಇದಕ್ಕೂ ಮೊದಲು ಕಂಪ್ಯೂಟರ್ ಆಟಗಳನ್ನು ಕಟ್ಟುತ್ತಿದ್ದವರು. 2024ರ ರಸಾಯನ ವಿಜ್ಞಾನದ ನೊಬೆಲ್ ಹಂಚಿಕೊಂಡವರಲ್ಲಿ ಒಬ್ಬರು.)

ಅದಕ್ಕೇ ಹೊಸದಾಗಿ ಆಡುವವರಿಗೆ ನಾನು ಹೇಳುವುದು: ಕಾಣದ ದೇಶದ ಡ್ರ್ಯಾಗನ್ ಗುಹೆಗೆ ಆಮೇಲೆ ಹೋದರಾಯಿತು. ಮೊದಲು ನಿಮ್ಮ ಕಾಲಿಗೆ ಗೊತ್ತಿರುವ ಜಾಗ ಹಿಡಿಯಿರಿ. ದುರ್ಗದ ಕೋಟೆ ಮೆಟ್ಟಿಲನ್ನು ನಾನು ಶಾಲೆಯಿಂದ, ನೆಂಟರ ಜೊತೆ, ಸುಮ್ನೆ ಸಂಜೆ ಹೊತ್ತಲ್ಲಿ ಎಷ್ಟು ಸಲ ಹತ್ತಿದ್ದೇನೋ. ಬಂಡೆ ಎಲ್ಲಿ ನುಣುಪು, ತಿರುವಲ್ಲಿ ಗಾಳಿ ಹೇಗೆ ಬೀಸುತ್ತದೆ ಅಂತ ಪಾದಕ್ಕೆ ಗೊತ್ತು. ತಿಪ್ಪವ್ವನ ಕೈ ಗೋಡೆ ತಡವರಿಸಿದಾಗ ಆ ತಣ್ಣನೆಯ ಕಲ್ಲು ನನ್ನ ಅಂಗೈಗೆ ತಾಕಿತು. ಸಂತೆಬೆನ್ನೂರಿನ ಪುಷ್ಕರಣಿ ಆಗಬಹುದು, ದಾವಣಗೆರೆಯ ಮಂಡಕ್ಕಿ ಭಟ್ಟಿ ಆಗಬಹುದು, ನಿಮ್ಮೂರಿನ ಬಸ್‌ಸ್ಟ್ಯಾಂಡೇ ಆಗಬಹುದು.

ಮತ್ತೆ, ಬರೆಯಿರಿ. ಪ್ರತಿ ಗರಕ್ಕೂ ಒಂದು ಸಾಲು, ಜಾಸ್ತಿ ಬೇಡ. ಬರೆಯದಿದ್ದರೆ ಇಷ್ಟವಾಗದ ಗರವನ್ನು ಮನಸ್ಸು ಮೆಲ್ಲಗೆ ತಿದ್ದಿಬಿಡುತ್ತದೆ. ಆ ಚೌಕ ಬಿದ್ದಾಗ ಬೀಜಗಳನ್ನು ಮತ್ತೆ ಕೈಗೆ ಎತ್ತಿಕೊಳ್ಳಲು ಹೋಗಿದ್ದೆ. ‘ಅಪ್ಪನಾ?’ ಅನ್ನುವುದರ ಮುಂದೆ ‘ಚೌಕ’ ಅಂತ ಆಗಲೇ ಬರೆದಾಗಿತ್ತು.

ಬೀಜಗಳನ್ನು ಕಲ್ಲಿನ ಮೇಲೇ ಬಿಟ್ಟು, ಮೇಲೆ ಒಂದು ಲೋಟ ಬೋರಲು ಹಾಕಿದ್ದೇನೆ. ತಿಪ್ಪವ್ವ ಇನ್ನೂ ಗುಡಿಯ ಮುಂದೆ ನಿಂತಿದ್ದಾಳೆ. ಕೈಯಲ್ಲಿ ಗಂಟೆ, ಕಂಕುಳಲ್ಲಿ ತಣ್ಣಗಾದ ರೊಟ್ಟಿ. ಮೇಲಿನಿಂದ ಪಂಜು ಇಳಿದು ಬರುತ್ತಿದೆ. ಇವತ್ತು ರಾತ್ರಿ ಕೇಳಬೇಕಾದ ಪ್ರಶ್ನೆ ಬರೆದಿಟ್ಟಾಗಿದೆ: ‘ಅಪ್ಪ ಅವಳನ್ನು ನೋಡಿದನಾ?’