ಮುಟ್ಟಿನ ಲೆಕ್ಕ ಹಾಕಿ ಮೆಂತ್ಯ ತಿಂದರೆ ಎದೆ ಬೆಳೆಯುತ್ತಾ?

ಈಚೆಗೆ ಕ್ಲಿನಿಕ್‌ಗೆ ಬರುವ ಕಾಲೇಜು ಹುಡುಗಿಯರು ಮೊಬೈಲ್‌ನಲ್ಲಿ ಒಂದು ಪಟ್ಟಿ ತೋರಿಸುತ್ತಾರೆ. ಮುಟ್ಟಾದ ದಿನದಿಂದ 14ನೇ ದಿನದವರೆಗೆ ಮೆಂತ್ಯ, ಸೋಂಪು, ಅಗಸೆ. 15ನೇ ದಿನದಿಂದ ಮುಂದಿನ ಮುಟ್ಟಿನವರೆಗೆ ವೈಲ್ಡ್ ಯಾಮ್ ಅನ್ನುವ ಅಮೆರಿಕದ ಕಾಡುಗೆಣಸು, ಚೇಸ್ಟ್‌ಬೆರಿ ಅನ್ನುವ ಯುರೋಪಿನ ಕಾಳು. ನಡುವೆ ಶತಾವರಿ. ಕೆಲವು ತಿಂಗಳು ಹೀಗೆ ಮಾಡಿದರೆ ಎದೆ ದೊಡ್ಡದಾಗುತ್ತೆ ಅನ್ನುವ ಭರವಸೆ. "ಮೇಡಂ, ನೀವು ಆಯುರ್ವೇದದವರು. ಇದನ್ನ ನೀವೇ ಮಾಡಿಕೊಡಿ" ಎಂದು ಕೇಳುತ್ತಾರೆ.

ನಾನು ಮಾಡಿಕೊಡುವುದಿಲ್ಲ. ಗಿಡಮೂಲಿಕೆ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಇದೇ ಮೈಸೂರಿನಲ್ಲಿ ಕೂತು ದಿನಾ ಶತಾವರಿ ಬರೆದುಕೊಡುವವಳು ನಾನು. ಯಾವ ಬೇರು ಯಾವ ಕೆಲಸ ಮಾಡುತ್ತದೆ ಅಂತ ಗೊತ್ತಿರುವುದರಿಂದಲೇ ಈ ಕೆಲಸ ಅದರಿಂದ ಆಗದು ಅಂತ ಹೇಳುತ್ತೇನೆ.

ಪಟ್ಟಿ ಮಾಡಿದವರು ಪೂರ್ತಿ ಸುಳ್ಳು ಹೇಳಿಲ್ಲ. ಮುಟ್ಟಿನ ಚಕ್ರದ ಮೊದಲರ್ಧದಲ್ಲಿ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಏರುತ್ತದೆ. ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಜೋರಾಗುತ್ತದೆ. ಹುಡುಗಿ ದೊಡ್ಡವಳಾಗುವ ವಯಸ್ಸಿನಲ್ಲಿ ಎದೆಯೊಳಗೆ ಹಾಲಿನ ನಾಳಗಳು ಬೆಳೆಯುವುದು ಈಸ್ಟ್ರೋಜನ್‌ನಿಂದ, ಹಾಲಿನ ಗ್ರಂಥಿಗಳು ಬೆಳೆಯುವುದಕ್ಕೆ ಪ್ರೊಜೆಸ್ಟರಾನ್ ಬೇಕು. ಇಷ್ಟು ನಿಜ. ಈ ನಿಜದ ಮೇಲೆ ಕಟ್ಟಿದ ಲೆಕ್ಕ ಮಾತ್ರ ತಪ್ಪು.

ಯೋಚನೆ ಮಾಡಿ. ನಿಮ್ಮ ಅಂಡಾಶಯವೇ ತಿಂಗಳು ತಿಂಗಳು ಅಸಲಿ ಈಸ್ಟ್ರೋಜನ್ ಕೊಡುತ್ತಿದೆ. ವರ್ಷಗಟ್ಟಲೆ ಅದು ಮಾಡದೇ ಇರುವ ಕೆಲಸವನ್ನು ಮೆಂತ್ಯ, ಅಗಸೆಯಲ್ಲಿರುವ ಈಸ್ಟ್ರೋಜನ್ ಹೋಲುವ ಅಂಶ ಮಾಡುತ್ತಾ? ಅದರ ಬಲ ನಿಮ್ಮ ಸ್ವಂತ ಹಾರ್ಮೋನ್‌ಗಿಂತ ತುಂಬಾ ಕಡಿಮೆ. ಎದೆ ಮೊಳೆಯುವುದು ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ. 17, 18ರ ಹೊತ್ತಿಗೆ ಹೆಚ್ಚಿನವರಲ್ಲಿ ಆ ಬೆಳವಣಿಗೆ ಮುಗಿದಿರುತ್ತದೆ. ಆಮೇಲೆ ಗಾತ್ರ ಬದಲಾಗುವುದು ಮುಖ್ಯವಾಗಿ ಮೈತೂಕದಿಂದ, ಬಸುರಿನಿಂದ, ಹಾಲೂಡಿಸುವುದರಿಂದ. ಉಳಿದದ್ದು ಅಮ್ಮ, ಅಜ್ಜಿ, ಸೋದರತ್ತೆಯರ ಕಡೆಯಿಂದ ಬಂದ ವಂಶದ ಪಾಲು.

ಹಾಗಾದರೆ "ನನಗೆ ಕೆಲಸ ಮಾಡಿತು" ಅನ್ನುವವರು? ಅವರೂ ಸುಳ್ಳು ಹೇಳುತ್ತಿಲ್ಲ. ಮುಟ್ಟು ಮುಗಿದ ಮೇಲಿನ ವಾರದಲ್ಲಿ ಎದೆ ಹಗುರವಾಗಿರುತ್ತದೆ. ಮುಂದಿನ ಮುಟ್ಟು ಹತ್ತಿರ ಬಂದ ಹಾಗೆ ನೀರು ತುಂಬಿ, ರಕ್ತ ಓಡಾಟ ಹೆಚ್ಚಿ, ಗ್ರಂಥಿಗಳು ಉಬ್ಬಿ ಭಾರವಾಗುತ್ತದೆ. ಬ್ರಾ ಬಿಗಿಯಾಗುತ್ತದೆ, ಮುಟ್ಟಿದರೆ ನೋವು. ಈಗ ಒಬ್ಬಳು 7ನೇ ದಿನ ಟೇಪ್ ಹಿಡಿದು ಅಳೆದು ಮೆಂತ್ಯ ಶುರು ಮಾಡಿದಳು ಅಂದುಕೊಳ್ಳಿ. 25ನೇ ದಿನ ಮತ್ತೆ ಅಳೆಯುತ್ತಾಳೆ. ಜಾಸ್ತಿಯಾಗಿರುತ್ತದೆ! ಮೆಂತ್ಯ ತಿನ್ನದೇ ಅಳೆದಿದ್ದರೂ ಜಾಸ್ತಿಯಾಗಿರುತ್ತಿತ್ತು. ಮುಟ್ಟಾದ ಮೇಲೆ ಇಳಿದಾಗ "ಡೋಸ್ ಸಾಲಲಿಲ್ಲ" ಅಂತ ಇನ್ನೊಂದು ಚಮಚ ಏರಿಸುತ್ತಾಳೆ. ಅದರ ಜೊತೆ ಹಾಲು, ಬೆಲ್ಲ, ತುಪ್ಪ ಸೇರಿಸಿ ಕುಡಿದರೆ ಮೈ ತುಂಬಿಕೊಳ್ಳುತ್ತದೆ. ಎದೆಯಲ್ಲಿ ಕೊಬ್ಬೂ ಇರುವುದರಿಂದ ಅಲ್ಲೂ ಸ್ವಲ್ಪ ಏರಬಹುದು. ಹೆಸರು ಮಾತ್ರ ಮೆಂತ್ಯಕ್ಕೆ.

ಇನ್ನು ಆ 14ನೇ ದಿನದ ಗೆರೆ. ಅದು 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರ ಲೆಕ್ಕ. 21ರಿಂದ 35 ದಿನದೊಳಗೆ ಬಂದರೂ ಸಹಜವೇ. ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ. ಅಂದರೆ 35 ದಿನಕ್ಕೊಮ್ಮೆ ಆಗುವವಳಿಗೆ ಹೆಚ್ಚುಕಡಿಮೆ 21ನೇ ದಿನ. ಪಿಸಿಓಡಿ ಅನ್ನುವ ಅಂಡಾಶಯದ ಹಾರ್ಮೋನ್ ತೊಂದರೆ ಇದ್ದರೆ ಕೆಲವು ತಿಂಗಳು ಬಿಡುಗಡೆಯೇ ಆಗುವುದಿಲ್ಲ. ಅಂಥವಳು ಕ್ಯಾಲೆಂಡರ್ ನೋಡಿ ಪುಡಿ ಬದಲಾಯಿಸುವುದರಲ್ಲಿ ಅರ್ಥವೇ ಇಲ್ಲ.

ಪಟ್ಟಿಯ ಎರಡನೇ ಭಾಗ ನೋಡಿ ನನಗೆ ನಿಜಕ್ಕೂ ಬೇಸರವಾಗುತ್ತದೆ. ಕಾಡುಗೆಣಸಿನಲ್ಲಿ ಡಯೋಸ್ಜೆನಿನ್ ಅನ್ನುವ ಅಂಶ ಇದೆ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ವಿಜ್ಞಾನಿ ಮೆಕ್ಸಿಕೋದ ಕಾಡುಗೆಣಸಿನಿಂದ ಅದನ್ನು ತೆಗೆದು ಪ್ರೊಜೆಸ್ಟರಾನ್ ತಯಾರಿಸಿದರು. ಆದರೆ ಅದು ಆದದ್ದು ಲ್ಯಾಬ್‌ನಲ್ಲಿ, ರಾಸಾಯನಿಕಗಳಿಂದ. ನಮ್ಮ ಹೊಟ್ಟೆಗೆ, ಲಿವರ್‌ಗೆ ಆ ಕೆಲಸ ಗೊತ್ತಿಲ್ಲ. ಗೆಣಸು ತಿಂದರೆ ಪ್ರೊಜೆಸ್ಟರಾನ್ ಆಗುವುದಿಲ್ಲ. ಮೆಂತ್ಯದಲ್ಲೂ ಇದೇ ಡಯೋಸ್ಜೆನಿನ್ ಇದೆ, ಅದಕ್ಕೂ ಇದೇ ಮಾತು. ಚೇಸ್ಟ್‌ಬೆರಿಯದ್ದು ಇನ್ನೂ ಉಲ್ಟಾ. ಮುಟ್ಟಿಗೆ ಮುಂಚಿನ ಎದೆ ಬಿಗಿತ, ನೋವು ಕಡಿಮೆ ಮಾಡಲು ಅದನ್ನು ಕೊಡುತ್ತಾರೆ. ನಮ್ಮ ಲಕ್ಕಿ ಗಿಡ ಅದರ ನೆಂಟನೇ. ಹಾಗಂತ ಅದೇ ಗಿಡ ಅಂದುಕೊಂಡು ಲಕ್ಕಿ ಬೀಜ ತಿನ್ನಬೇಡಿ.

ಮೆಂತ್ಯ, ಸಬ್ಬಸಿಗೆ, ಶತಾವರಿಗೆ ಎದೆ ತುಂಬಿಸುತ್ತವೆ ಅನ್ನುವ ಹೆಸರು ಬಂದದ್ದು ಬಾಣಂತಿ ಕೋಣೆಯಿಂದ. ಶತಾವರಿಯನ್ನು ನಮ್ಮ ಕಡೆ ಹಲವು ಮಕ್ಕಳ ತಾಯಿ ಬೇರು ಅಂತಲೂ ಕರೆಯುತ್ತಾರೆ. ಚರಕ ಸಂಹಿತೆಯಲ್ಲಿ ಎದೆಹಾಲಿಗೆಂದೇ ಹತ್ತು ಮೂಲಿಕೆಗಳ ಗುಂಪು ಹೇಳಿದೆ. ಅದರಲ್ಲಿರುವುದು ಭತ್ತ, ದರ್ಭೆ, ಕುಶ ಇಂಥವುಗಳ ಬೇರು. ಮಂಡ್ಯದ ಗದ್ದೆಯ ಭತ್ತದ ಬೇರೇ ಔಷಧಿ ಅಂದರೆ ಹುಡುಗಿಯರಿಗೆ ಆಶ್ಚರ್ಯ. ಆದರೆ ಆ ಗುಂಪು ಇರುವುದು ಮಗುವಿನ ಹಾಲಿಗೆ. ಹೆರಿಗೆಯಾದ ಮೈಗೂ ಬಸುರೇ ಇಲ್ಲದ ಮೈಗೂ ವ್ಯತ್ಯಾಸ ಇದೆ. ಬಾಣಂತಿಯ ಎದೆ ತುಂಬುವುದು ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್‌ನಿಂದ, ಮಗು ಚೀಪುವುದರಿಂದ. ಮಗು ಹಾಲು ಬಿಟ್ಟ ಮೇಲೆ ಆ ಗಾತ್ರ ಇಳಿದೇ ಇಳಿಯುತ್ತದೆ, ಅಲ್ವಾ?

"ಫಲ ಸಿಗದಿದ್ದರೆ ಬೇಡ, ತೊಂದರೆಯಂತೂ ಇಲ್ಲವಲ್ಲ" ಅನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಸಾರಿಗೆ, ದೋಸೆ ಹಿಟ್ಟಿಗೆ ಹಾಕುವ ಮೆಂತ್ಯ ಬೇರೆ, ದಿನಕ್ಕೆ ನಾಲ್ಕೈದು ಚಮಚ ಪುಡಿ ಬೇರೆ. ಅಷ್ಟು ತಿಂದರೆ ಹೊಟ್ಟೆ ಉಬ್ಬರ, ಭೇದಿ, ಬೆವರಿಗೂ ಒಂದು ಥರ ವಾಸನೆ. ಸಕ್ಕರೆ ಕಾಯಿಲೆ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಕುಸಿಯಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಭಯ. ಕಡಲೆಕಾಯಿ, ಕಡಲೆಕಾಳು ಆಗದವರಿಗೆ ಮೆಂತ್ಯವೂ ಅಲರ್ಜಿ ಆಗಬಹುದು. ಬಸುರಿಯರಂತೂ ಇಷ್ಟು ಪ್ರಮಾಣ ಮುಟ್ಟಬಾರದು. ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಸ್ತನ ಕ್ಯಾನ್ಸರ್ ಆಗಿದ್ದರೆ ಈಸ್ಟ್ರೋಜನ್ ಹೋಲುವ ಮೂಲಿಕೆಗಳನ್ನು ಸ್ವಂತ ಬುದ್ಧಿಯಿಂದ ತಿನ್ನಬೇಡಿ. ಆನ್‌ಲೈನ್‌ನಲ್ಲಿ ಬರುವ ಥಾಯ್ಲೆಂಡಿನ ಪ್ಯುರೇರಿಯಾ ಮಿರಿಫಿಕಾ ಗೆಡ್ಡೆ ಇವುಗಳಲ್ಲೆಲ್ಲ ಜೋರು.

ಇದಕ್ಕಿಂತ ಜಾಸ್ತಿ ನನಗೆ ಭಯ ಲೇಬಲ್ ಇಲ್ಲದ ಪುಡಿಗಳದ್ದು. ದೇವರಾಜ ಮಾರುಕಟ್ಟೆ ಸುತ್ತಿನ ಗ್ರಂಥಿಗೆ ಅಂಗಡಿಯಲ್ಲಿ ಇಡೀ ಮೆಂತ್ಯ, ಇಡೀ ಬೇರು ಕೊಂಡರೆ ಕಣ್ಣಿಗೆ ಏನಿದೆ ಅಂತ ಕಾಣುತ್ತದೆ. ಬಣ್ಣದ ಡಬ್ಬಿಯ ಪುಡಿಯಲ್ಲಿ ಏನು ಬೆರೆಸಿದ್ದಾರೋ ಯಾರು ಬಲ್ಲರು? ಮೈ ದಪ್ಪ ಮಾಡುವ ಪುಡಿಗಳಲ್ಲಿ ಸ್ಟಿರಾಯ್ಡ್ ಸಿಕ್ಕಿದ ಉದಾಹರಣೆಗಳಿವೆ. ನಮ್ಮ ದೇಶದಲ್ಲಿ 1954ರಿಂದಲೇ ಔಷಧ ಮತ್ತು ಮಾಯಾ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಇದೆ. ಯಾವುದಕ್ಕೆ ಔಷಧಿ ಇದೆ ಅಂತ ಜಾಹೀರಾತು ಕೊಡಬಾರದೋ ಆ ಪಟ್ಟಿಯಲ್ಲಿ ಹೆಂಗಸರ ಎದೆಯ ಆಕಾರವೂ ಇದೆ. ಆದರೂ ಜಾಹೀರಾತು ನಿಂತಿಲ್ಲ.

ಮಂಡ್ಯ ಕಡೆಯ ತಾಯಂದಿರು ಮಗಳನ್ನು ಕರೆತಂದು, "ಗಂಡಿನ ಕಡೆಯವರು ನೋಡೋಕೆ ಬರ್ತಾರೆ ಡಾಕ್ಟ್ರೇ, ಏನಾದ್ರೂ ಕೊಡಿ" ಅನ್ನುವುದುಂಟು. ಪಕ್ಕದಲ್ಲಿ ಆ ಹುಡುಗಿ ತಲೆ ತಗ್ಗಿಸಿ ಕೂತಿರುತ್ತಾಳೆ. ಆಕೆ ಆರೋಗ್ಯವಾಗಿದ್ದಾಳೆ. ಒಂದು ಕಡೆಗಿಂತ ಇನ್ನೊಂದು ಕಡೆ ಸ್ವಲ್ಪ ಚಿಕ್ಕದಿರುವುದೂ ಸಹಜ. ಅವಳಿಗೆ ಔಷಧಿ ಬೇಕಿಲ್ಲ, ಅಳತೆ ಸರಿಯಿರುವ ಒಳ್ಳೆಯ ಬ್ರಾ ಸಾಕು.

ಆದರೆ ಕೆಲವರನ್ನು ನಾನೇ ತಜ್ಞರ ಹತ್ತಿರ ಕಳಿಸುತ್ತೇನೆ. 13 ತುಂಬಿದರೂ ಎದೆ ಮೊಳೆಯದಿದ್ದರೆ, 15 ತುಂಬಿದರೂ ಮುಟ್ಟಾಗದಿದ್ದರೆ, ಇದ್ದಕ್ಕಿದ್ದಂತೆ ಮುಟ್ಟು ನಿಂತು ತೂಕ ಇಳಿದಿದ್ದರೆ ತಡ ಮಾಡಬಾರದು. ಥೈರಾಯ್ಡ್, ಅಂಡಾಶಯ, ಊಟ ಎಲ್ಲವನ್ನೂ ನೋಡಬೇಕು. ಇಂಥ ಹುಡುಗಿಗೆ ಮೆಂತ್ಯ ಕುಡಿಸುತ್ತಾ ಕೂತರೆ ಚಿಕಿತ್ಸೆಯ ಸಮಯ ಕಳೆದುಹೋಗುತ್ತದೆ.

ಮುಟ್ಟಿನ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಅದನ್ನು ಇನ್ನೊಂದಕ್ಕೆ ಬಳಸಿ. ಮುಟ್ಟು ಮುಗಿದ ಕೆಲವು ದಿನಕ್ಕೆ ಎದೆ ಮೆತ್ತಗಿರುವಾಗ ಕೈಯಿಂದ ಮುಟ್ಟಿ ನೋಡಿಕೊಳ್ಳಿ. ಹೊಸ ಗಂಟು ಸಿಕ್ಕಿ ಮುಂದಿನ ಮುಟ್ಟಾದ ಮೇಲೂ ಹಾಗೇ ಇದ್ದರೆ, ತೊಟ್ಟಿನಿಂದ ರಕ್ತ ಬಂದರೆ, ಚರ್ಮ ಒಳಗೆ ಎಳೆದಂತಿದ್ದರೆ ಡಾಕ್ಟರ್‌ಗೆ ತೋರಿಸಿ.

ಈಗಾಗಲೇ ಈ ಪುಡಿ ತಿನ್ನುತ್ತಿರುವವರು ಇವತ್ತೇ ನಿಲ್ಲಿಸಬಹುದು. ಅಡುಗೆಯ ಮೆಂತ್ಯ ಬಿಡಬೇಕಿಲ್ಲ. ಡೇಟ್ ತಪ್ಪಿದ್ದರೆ "ಪುಡಿಯಿಂದ ಇರಬೇಕು" ಅಂತ ಸುಮ್ನೆ ಕಾಯಬೇಡಿ. ಬಸುರಾಗುವ ಸಾಧ್ಯತೆ ಇದ್ದರೆ ಮೊದಲು ಆ ಪರೀಕ್ಷೆ ಮಾಡಿಸಿ. ಡಾಕ್ಟರ್ ಹತ್ತಿರ ಹೋಗುವಾಗ ಆ ಡಬ್ಬಿಯನ್ನೂ ಬ್ಯಾಗಿಗೆ ಹಾಕಿಕೊಂಡು ಹೋಗಿ.