ಡಬಲ್‌ಸೆಕ್ಸ್ ಜೀನ್: ಗಂಡಿಗೊಂದು ಕತ್ತರಿಕೆ, ಹೆಣ್ಣಿಗೊಂದು

ಸ್ಪ್ಲೈಸಿಂಗ್ ಅಂದರೇನು ಎಂದು ಕೇಳಿದರೆ ನಾವೆಲ್ಲ ಒಂದೇ ಉಸಿರಿಗೆ ಹೇಳಿಬಿಡುತ್ತೇವೆ: ಜೀನ್‌ನಿಂದ ಬಂದ ಆರ್‌ಎನ್‌ಎಯಲ್ಲಿ ಬೇಡದ ತುಂಡುಗಳಾದ ಇಂಟ್ರಾನ್ ತೆಗೆದು, ಉಳಿಸಿಕೊಳ್ಳುವ ತುಂಡುಗಳಾದ ಎಕ್ಸಾನ್ ಜೋಡಿಸುವುದು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಯಾವ ಎಕ್ಸಾನ್ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದರ ಮೇಲೆ ಒಂದು ನೊಣ ಗಂಡಾಗಿ ಬೆಳೆಯುವುದೋ ಹೆಣ್ಣಾಗಿಯೋ ಎಂಬುದೇ ನಿಂತಿದೆ. ನನಗೆ ಇದು ಅರ್ಥವಾಗಲು ಬಹಳ ದಿನ ಹಿಡಿಯಿತು. ನಿಮಗೆ ಅಷ್ಟು ದಿನ ಹಿಡಿಯದಿರಲಿ ಎಂದು ಈ ಟಿಪ್ಪಣಿ.

ಮೊದಲು ಬೇಕಾದಷ್ಟು ಹಿನ್ನೆಲೆ. ಜೀನ್‌ಗಳು ತುಂಡುತುಂಡಾಗಿರುತ್ತವೆ ಎಂದು 1977ರಲ್ಲಿ ಅಡಿನೋವೈರಸ್ ಮೇಲೆ ಕೆಲಸ ಮಾಡುತ್ತಿದ್ದ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು ತೋರಿಸಿದವು. ಅದಕ್ಕೆ 1993ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಂಟ್ರಾನ್ ಸಾಮಾನ್ಯವಾಗಿ ಜಿಯು ಎಂಬ ಆರ್‌ಎನ್‌ಎ ಅಕ್ಷರಗಳಿಂದ ಶುರುವಾಗಿ ಎಜಿಯಲ್ಲಿ ಮುಗಿಯುತ್ತದೆ. ಆ ಎಜಿಗಿಂತ ಸ್ವಲ್ಪ ಹಿಂದೆ ಯು ಮತ್ತು ಸಿ ಅಕ್ಷರಗಳೇ ತುಂಬಿದ ಒಂದು ಪಟ್ಟಿ ಇರುತ್ತದೆ. ಯು2ಎಎಫ್ ಎಂಬ ಪ್ರೋಟೀನ್ ಬಂದು ಕೂರುವುದು ಅಲ್ಲೇ. ಅದು ಕೂತರೆ ಮಾತ್ರ ಕತ್ತರಿಸುವ ಯಂತ್ರಕ್ಕೆ ಆ ಜಾಗ ಕಾಣುತ್ತದೆ. ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಡೆಯುತ್ತದೆ.

ಪುಸ್ತಕಗಳು ಡ್ರೊಸೊಫಿಲಾ ಎಂಬ ಹಣ್ಣುನೊಣದ ಲಿಂಗನಿರ್ಧಾರವನ್ನು, ಮೇಲಿನದು ಕೆಳಗಿನದನ್ನು ಆಳುವ ಮೂರು ಜೀನ್‌ಗಳ ಸರಣಿಯಾಗಿ, ಮೇಲಿನಿಂದ ಹೇಳುತ್ತವೆ: ಸೆಕ್ಸ್‌ಲೀಥಲ್, ಆಮೇಲೆ ಟ್ರಾನ್ಸ್‌ಫಾರ್ಮರ್, ಕೊನೆಗೆ ಡಬಲ್‌ಸೆಕ್ಸ್. ನನ್ನ ಸಲಹೆ, ಕೆಳಗಿನಿಂದ ಓದಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಡಬಲ್‌ಸೆಕ್ಸ್‌ನಲ್ಲಿ ಮೊದಲ ಮೂರು ಎಕ್ಸಾನ್‌ಗಳು ಗಂಡು ಹೆಣ್ಣು ಇಬ್ಬರಿಗೂ ಒಂದೇ. ನಾಲ್ಕನೆಯದು ಹೆಣ್ಣಿಗೆ ಮಾತ್ರ. ಐದು ಮತ್ತು ಆರು ಗಂಡಿಗೆ ಮಾತ್ರ. ಹೀಗಾಗಿ ಎರಡು ಪ್ರೋಟೀನ್‌ಗಳು ಬರುತ್ತವೆ. ಡಿಎನ್‌ಎ ಹಿಡಿಯುವ ತಲೆಭಾಗ ಎರಡರಲ್ಲೂ ಒಂದೇ, ಬಾಲ ಮಾತ್ರ ಬೇರೆ. ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನ್‌ಗಳ ಜೀನ್ ತೆಗೆದುಕೊಳ್ಳಿ: ಎರಡು ರೂಪಗಳೂ ಅದೇ ಜಾಗಕ್ಕೆ ಹೋಗಿ ಕೂರುತ್ತವೆ, ಹೆಣ್ಣಿನ ರೂಪ ಜೀನನ್ನು ಎಬ್ಬಿಸುತ್ತದೆ, ಗಂಡಿನ ರೂಪ ಅದುಮಿ ಹಿಡಿಯುತ್ತದೆ. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನಾವು ಗಂಡುನೊಣ ಗುರುತಿಸುವುದು ಹೊಟ್ಟೆಯ ತುದಿಯ ಕಪ್ಪು ಮತ್ತು ಮುಂಗಾಲಿನ ಬಾಚಣಿಗೆಯಂಥ ಬಿರುಗೂದಲಿನಿಂದ ಅಲ್ಲವೇ, ಅವೂ ಈ ಬಾಲದ ವ್ಯತ್ಯಾಸದ ಫಲವೇ.

ನಾಲ್ಕನೆಯ ಎಕ್ಸಾನ್‌ನ ಮುಂದಿರುವ ಯು-ಸಿ ಪಟ್ಟಿ ದುರ್ಬಲವಾಗಿದೆ. ಮಧ್ಯೆ ಮಧ್ಯೆ ಬೇರೆ ಅಕ್ಷರಗಳು ನುಸುಳಿವೆ. ಹಾಗಾಗಿ ಯಂತ್ರ ಅದನ್ನು ದಾಟಿಕೊಂಡು ಐದನೆಯದಕ್ಕೆ ಹೋಗಿಬಿಡುತ್ತದೆ. ಇದು ಗಂಡಿನ ದಾರಿ, ಯಾರೂ ಅಡ್ಡ ಬರದಿದ್ದರೆ ಆಗುವುದು ಇದೇ. ಹೆಣ್ಣಿನಲ್ಲಿ ಟ್ರಾನ್ಸ್‌ಫಾರ್ಮರ್ ಪ್ರೋಟೀನ್ ತನ್ನ ಜೊತೆಗಾರರೊಂದಿಗೆ ನಾಲ್ಕನೆಯ ಎಕ್ಸಾನ್‌ನೊಳಗೆ ಆರು ಸಲ ಬರುವ 13 ಅಕ್ಷರಗಳ ಸಾಲಿನ ಮೇಲೆ ಕೂತು, ಯಂತ್ರವನ್ನು ಅಲ್ಲೇ ನಿಲ್ಲಿಸಿಕೊಳ್ಳುತ್ತದೆ.

ಹಾಗಾದರೆ ಗಂಡಿನಲ್ಲಿ ಟ್ರಾನ್ಸ್‌ಫಾರ್ಮರ್ ಯಾಕಿಲ್ಲ? ನಾನು ತಡವರಿಸಿದ್ದು ಇಲ್ಲೇ. ಜೀನ್ ಇದೆ, ಆರ್‌ಎನ್‌ಎ ಕೂಡ ತಯಾರಾಗುತ್ತದೆ, ಕೆಲಸ ಮಾಡುವ ಪ್ರೋಟೀನ್ ಮಾತ್ರ ಇಲ್ಲ! ಕೊನೆಗೆ ಹಳೇ ಕ್ಯಾಲೆಂಡರಿನ ಹಾಳೆಯಿಂದ ಉದ್ದನೆಯ ಪಟ್ಟಿ ಕತ್ತರಿಸಿ, ಹಿಂಬದಿಯಲ್ಲಿ ಬರೆದು ನೋಡಿದೆ. ನೀವೂ ಮಾಡಿ. ಎಡಗಡೆ ಮೊದಲ ಎಕ್ಸಾನ್, ಆಮೇಲೆ ಇಂಟ್ರಾನ್, ಆಮೇಲೆ ಹತ್ತಿರದ ಎಜಿ, ಅದಾದ ಮೇಲೆ ಕೆಂಪು ಶಾಯಿಯಲ್ಲಿ ಒಂದು ಸ್ಟಾಪ್ ಕೋಡಾನ್ (ಪ್ರೋಟೀನ್ ಇಲ್ಲಿಗೆ ಮುಗಿಸು ಎನ್ನುವ ಗುರುತು), ಅದರಾಚೆ ದೂರದ ಎಜಿ. ಹತ್ತಿರದ ಎಜಿಗೆ ಮಡಚಿದರೆ ಕೆಂಪು ಗುರುತು ಹೊರಗೇ ಉಳಿಯುತ್ತದೆ. ಓದುತ್ತಾ ಬಂದ ರೈಬೋಸೋಮ್ ಅಲ್ಲೇ ನಿಲ್ಲುತ್ತದೆ, ಪ್ರೋಟೀನ್ ಮೊಟಕು. ದೂರದ ಎಜಿಗೆ ಮಡಚಿದರೆ ಕೆಂಪು ಮಡಿಕೆಯೊಳಗೆ ಹೋಗುತ್ತದೆ, ಪ್ರೋಟೀನ್ ಪೂರ್ತಿ. ಹೆಣ್ಣಿನಲ್ಲಿ ಸೆಕ್ಸ್‌ಲೀಥಲ್ ಪ್ರೋಟೀನ್ ಹತ್ತಿರದ ಎಜಿಯ ಪಟ್ಟಿಯ ಮೇಲೆ ಕೂತು ಯು2ಎಎಫ್‌ಗೆ ಜಾಗ ಕೊಡುವುದಿಲ್ಲ, ಅದು ದೂರದ್ದಕ್ಕೆ ಹೋಗಬೇಕಾಗುತ್ತದೆ. ಹೆಣ್ಣಿನಲ್ಲೂ ಒಂದಷ್ಟು ಆರ್‌ಎನ್‌ಎ ಹತ್ತಿರದ ಎಜಿಗೇ ಕತ್ತರಿಸಲ್ಪಡುತ್ತದೆ. ಉಳಿದಷ್ಟರಿಂದ ಬರುವ ಪ್ರೋಟೀನೇ ಕೆಲಸಕ್ಕೆ ಸಾಕು.

ಸೆಕ್ಸ್‌ಲೀಥಲ್ ತನ್ನದೇ ಆರ್‌ಎನ್‌ಎಯನ್ನೂ ಹೀಗೇ ನೋಡಿಕೊಳ್ಳುತ್ತದೆ. ಅದರ ಮೂರನೆಯ ಎಕ್ಸಾನ್‌ನಲ್ಲಿ ಸ್ಟಾಪ್ ಇದೆ, ಹೆಣ್ಣಿನಲ್ಲಿ ಆ ಎಕ್ಸಾನನ್ನೇ ಬಿಡಿಸುತ್ತದೆ. ಎರಡು ಎಕ್ಸ್ ವರ್ಣತಂತು ಇರುವ, ಅಂದರೆ ಹೆಣ್ಣು ಭ್ರೂಣದಲ್ಲಿ ಮಾತ್ರ ಶುರುವಿಗೆ ಬೇರೊಂದು ಪ್ರಮೋಟರ್‌ನಿಂದ (ಜೀನ್ ಓದಲು ಶುರುಮಾಡುವ ಜಾಗದಿಂದ) ಒಂದಿಷ್ಟು ಪ್ರೋಟೀನ್ ಸಿಗುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಮುಂದಿನದು ತಾನೇ ನಡೆದುಕೊಂಡು ಹೋಗುತ್ತದೆ.

ಈಗ ಕೆಳಗಿನಿಂದ ಓದಿ ಎಂದದ್ದಕ್ಕೆ ಕಾರಣ. ಬೇರೆ ಕೀಟಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಡಬಲ್‌ಸೆಕ್ಸ್ ನೊಣ, ಜೇನು, ರೇಷ್ಮೆಹುಳು, ಸೊಳ್ಳೆ ಎಲ್ಲದರಲ್ಲೂ ಗಂಡು ಹೆಣ್ಣಿಗೆ ಬೇರೆಬೇರೆಯಾಗಿ ಕತ್ತರಿಸಲ್ಪಡುತ್ತದೆ. ಮೇಲೆ ಹೋದಂತೆ ಯಜಮಾನರು ಬದಲಾಗುತ್ತಾರೆ. ಇಂಥ ಸರಣಿಗಳು ಬುಡದಿಂದ ಮೇಲಕ್ಕೆ ಬೆಳೆಯುತ್ತವೆ ಎಂದು 1995ರಲ್ಲಿ ಜೀವವಿಜ್ಞಾನಿ ಆಡಂ ವಿಲ್ಕಿನ್ಸ್ ವಾದಿಸಿದ್ದರು. ಬುಡದ ಜೀನ್ ಹಳೆಯದು, ಅದನ್ನು ಆಳುವವು ಒಂದೊಂದಾಗಿ ಆಮೇಲೆ ಬಂದು ಸೇರಿಕೊಂಡವು.

ಮನೆನೊಣದಲ್ಲಿ ಸೆಕ್ಸ್‌ಲೀಥಲ್ ಇದೆ, ಆದರೆ ಅದಕ್ಕೂ ಲಿಂಗಕ್ಕೂ ಸಂಬಂಧವಿಲ್ಲ. ಅಲ್ಲಿ ಟ್ರಾನ್ಸ್‌ಫಾರ್ಮರ್ ತನ್ನನ್ನು ತಾನೇ ಚಾಲೂ ಇಟ್ಟುಕೊಳ್ಳುತ್ತದೆ, ಗಂಡಾಗಬೇಕಾದರೆ ಆ ಸುತ್ತನ್ನು ಮುರಿಯಬೇಕು. ಮುರಿಯುವ ಜೀನ್ 2017ರಲ್ಲಿ ಸಿಕ್ಕಿತು. ಅದು ಸ್ಪ್ಲೈಸಿಂಗ್ ಯಂತ್ರದ ಭಾಗವಾದ ಸಿಡಬ್ಲ್ಯುಸಿ22 ಎಂಬ ಜೀನ್‌ನ ನಕಲಿನಿಂದ ಹುಟ್ಟಿದ್ದು! ಮೂಲ ಜೀನ್ ತನ್ನ ಕೆಲಸ ಮಾಡಿಕೊಂಡಿದೆ, ನಕಲು ಹೊಸ ಅಧಿಕಾರ ಹಿಡಿದಿದೆ. ಜೀನ್ ವಿಕಾಸದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಓದಿಲ್ಲ.

ಜೇನಿನಲ್ಲೂ ನಕಲಿನದೇ ಕತೆ. ಅಲ್ಲಿ ಗಂಡಿಗೆ ಅಪ್ಪನಿಲ್ಲ, ಫಲಿತವಾಗದ ಮೊಟ್ಟೆಯೇ ಗಂಡಾಗುತ್ತದೆ. ಟ್ರಾನ್ಸ್‌ಫಾರ್ಮರ್‌ನ ಬಂಧು ಫೆಮಿನೈಸರ್. ಅದರ ನಕಲಿನಿಂದ ಬಂದದ್ದು 2003ರಲ್ಲಿ ಪತ್ತೆಯಾದ ಸಿಎಸ್‌ಡಿ ಎಂಬ ಜೀನ್. ಸಿಎಸ್‌ಡಿಯ ಎರಡು ಬೇರೆ ರೂಪಗಳು ಸೇರಿದರೆ ಮಾತ್ರ ಫೆಮಿನೈಸರ್ ಹೆಣ್ಣಿನ ರೀತಿ ಕತ್ತರಿಸಲ್ಪಡುತ್ತದೆ. ಎರಡೂ ಒಂದೇ ಆದರೆ ಫಲಿತ ಮೊಟ್ಟೆಯೂ ಗಂಡಾಗುತ್ತದೆ, ಆ ಮರಿಗಳನ್ನು ಕೆಲಸಗಾರ ಹುಳುಗಳು ತಿಂದುಹಾಕುತ್ತವೆ. ನಮ್ಮ ತುಡುವೆಯಲ್ಲೂ ಹೆಜ್ಜೇನಿನಲ್ಲೂ ಸಿಎಸ್‌ಡಿ ಇದೆ.

ರೇಷ್ಮೆಹುಳುವಿನಲ್ಲಿ ಎಲ್ಲವೂ ತಿರುವುಮುರುವು. ಯಾರೂ ಅಡ್ಡ ಬರದಿದ್ದರೆ ಡಬಲ್‌ಸೆಕ್ಸ್ ಹೆಣ್ಣಿನ ರೀತಿ ಕತ್ತರಿಸಲ್ಪಡುತ್ತದೆ, ಗಂಡಿನ ರೀತಿಗೆ ಮಾಸ್ಕುಲಿನೈಸರ್ ಎಂಬ ಜೀನ್ ಬೇಕು. ಹೆಣ್ಣಿನ ಡಬ್ಲ್ಯು ವರ್ಣತಂತುವಿನಿಂದ ಬರುವ ಒಂದು ಪುಟ್ಟ ಆರ್‌ಎನ್‌ಎ ಆ ಮಾಸ್ಕುಲಿನೈಸರ್‌ನ ಆರ್‌ಎನ್‌ಎಯನ್ನೇ ತುಂಡರಿಸುತ್ತದೆ ಎಂದು 2014ರಲ್ಲಿ ಗೊತ್ತಾಯಿತು. ಗಂಡುಹುಳುವಿನ ಗೂಡಿನಲ್ಲಿ ತೂಕಕ್ಕೆ ಹೋಲಿಸಿದರೆ ರೇಷ್ಮೆಯ ಪಾಲು ಹೆಚ್ಚು. ಆದ್ದರಿಂದ ಇದು ರೇಷ್ಮೆ ಬೆಳೆಯುವ ನಮ್ಮ ಊರುಗಳಿಗೂ ಸಂಬಂಧಪಟ್ಟ ಜ್ಞಾನ.

ಬುಡದ ಜೀನ್ ಬದಲಾಗುವುದು ಕಡಿಮೆ ಎಂಬುದನ್ನೇ ಹಿಡಿದು ಮಾಡಿದ ಪ್ರಯೋಗವೊಂದಿದೆ. ಆಫ್ರಿಕಾದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೆ ಸೊಳ್ಳೆಯಲ್ಲಿ ಡಬಲ್‌ಸೆಕ್ಸ್‌ನ ಐದನೆಯ ಎಕ್ಸಾನ್ ಹೆಣ್ಣಿಗೆ ಮಾತ್ರ ಸೇರಿದ್ದು. ನಾಲ್ಕನೆಯ ಇಂಟ್ರಾನ್ ಮುಗಿದು ಆ ಎಕ್ಸಾನ್ ಶುರುವಾಗುವ ಗಡಿಯಲ್ಲಿ ಅಕ್ಷರ ಬದಲಾವಣೆ ತೀರಾ ಅಪರೂಪ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಆಂಡ್ರಿಯಾ ಕ್ರಿಸಾಂಟಿ ಅವರ ತಂಡ 2018ರಲ್ಲಿ ಸರಿಯಾಗಿ ಆ ಗಡಿಗೇ ಜೀನ್ ಡ್ರೈವ್ ಇಟ್ಟಿತು, ಅಂದರೆ ಸೇರಿದ ಜಾಗದ ಜೀನನ್ನು ಕೆಡಿಸಿ, ತನ್ನನ್ನು ತಾನೇ ನಕಲು ಮಾಡಿಕೊಂಡು ಬಹುತೇಕ ಎಲ್ಲ ಮರಿಗಳಿಗೂ ದಾಟುವ ಡಿಎನ್‌ಎ ತುಣುಕು. ಜೀನ್‌ನ ಎರಡೂ ಪ್ರತಿ ಕೆಟ್ಟ ಹೆಣ್ಣುಗಳು ಕಚ್ಚಲೂ ಆಗದೆ, ಮೊಟ್ಟೆ ಇಡಲೂ ಆಗದೆ ಉಳಿದವು. ಆ ಎಕ್ಸಾನ್ ಬೇಕಿಲ್ಲದ ಗಂಡುಗಳಿಗೆ ಏನೂ ಆಗಲಿಲ್ಲ, ಅವು ಡ್ರೈವನ್ನು ಮುಂದಿನ ಪೀಳಿಗೆಗೆ ದಾಟಿಸುತ್ತಾ ಹೋದವು. ಎರಡು ಪಂಜರಗಳ ಪೈಕಿ ಒಂದರಲ್ಲಿ 7 ತಲೆಮಾರಿಗೆ, ಇನ್ನೊಂದರಲ್ಲಿ 11 ತಲೆಮಾರಿಗೆ ಸೊಳ್ಳೆ ಸಂತತಿ ಅಳಿಯಿತು.