ರಾಕೆಟ್ ಕೈಕೊಟ್ಟ ದಿನ ಕೇಳಿದ ಎರಡು ಪ್ರಶ್ನೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನಂಥವರಿಗಾಗಿ ಈ ಟಿಪ್ಪಣಿ. "ಬಾಹ್ಯಾಕಾಶ ಯೋಜನೆ ನಮ್ಮ ದೇಶಕ್ಕೆ ಬೇಕೆ?" ಅನ್ನುವ ಪ್ರಬಂಧ ಬಂದರೆ ನಾವೆಲ್ಲ ಚಂದ್ರಯಾನದ ಹೆಮ್ಮೆಯನ್ನೇ ಬರೆದು ಮುಗಿಸುತ್ತೇವೆ. ಸೋತ ಉಡಾವಣೆಯಿಂದ ಶುರುಮಾಡಿದರೆ ವಿಷಯ ಜಾಸ್ತಿ ಅರ್ಥವಾಗುತ್ತದೆ.

2025ರ ಮೇ 18, ಭಾನುವಾರ. ನಾನು ಹೊಸನಗರದ ಹತ್ತಿರ ಚಿಕ್ಕಪ್ಪನ ಮನೆಯಲ್ಲಿದ್ದೆ. ಬೆಳಿಗ್ಗೆ 5 ಗಂಟೆ 59 ನಿಮಿಷಕ್ಕೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ61 ರಾಕೆಟ್ ಮೇಲೆದ್ದಿತು. ಜಗಲಿಯಲ್ಲಿ ಕೂತು ಫೋನಿನಲ್ಲಿ ನೋಡಿದೆವು. ಎರಡು ಹಂತ ಸರಿಯಾಗಿ ಉರಿಯಿತು. ಮೂರನೇ ಹಂತದಲ್ಲಿ ತೊಂದರೆಯಾಯಿತು. 1,696 ಕೆ.ಜಿ. ತೂಕದ, ಭೂಮಿಯನ್ನು ಗಮನಿಸುವ ಇಒಎಸ್-09 ಉಪಗ್ರಹ ಕಕ್ಷೆ ಸೇರಲಿಲ್ಲ.

ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಎಂತ ಮಾರಾಯ್ತಿ, ಈ ದುಡ್ಡಲ್ಲಿ ಎಷ್ಟು ಕಾಲುಸಂಕ ಕಟ್ಬಹುದಿತ್ತು?"

ಕಾಲುಸಂಕ ಅಂದರೆ ಹಳ್ಳ ದಾಟಲು ಕಟ್ಟುವ ಸಣ್ಣ ಸೇತುವೆ. ಅವತ್ತು ನನಗೆ ಸಿಟ್ಟು ಬಂದಿತ್ತು. ಆದರೆ ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗುವ ಮಕ್ಕಳನ್ನು ನೋಡಿದವರು ಈ ಪ್ರಶ್ನೆ ಕೇಳದೆ ಇನ್ನೇನು ಕೇಳುತ್ತಾರೆ? ಫೋನಿನಲ್ಲಿ ಕೆಲವರು "ಪ್ರಶ್ನೆ ಮಾಡುವವರು ದೇಶದ್ರೋಹಿಗಳು" ಎಂದು ಬರೆಯುತ್ತಿದ್ದರು. ಇನ್ನು ಕೆಲವರು ವಿಜ್ಞಾನಿಗಳನ್ನು ಗೇಲಿ ಮಾಡುತ್ತಿದ್ದರು. ಇಬ್ಬರೂ ಚಿಕ್ಕಪ್ಪನಿಗೆ ಉತ್ತರ ಕೊಡಲಿಲ್ಲ.

ಮೊದಲು ಏನಾಯಿತು ಅನ್ನುವುದನ್ನು ನೋಡೋಣ. ಪಿಎಸ್‌ಎಲ್‌ವಿಗೆ ನಾಲ್ಕು ಹಂತ. ಒಂದು ಮತ್ತು ಮೂರರಲ್ಲಿ ಘನ ಇಂಧನ, ಎರಡು ಮತ್ತು ನಾಲ್ಕರಲ್ಲಿ ದ್ರವ ಇಂಧನ. ಮೂರನೇ ಹಂತದ ಮೋಟಾರಿನೊಳಗೆ ಒತ್ತಡ ಕುಸಿಯಿತು ಎಂದು ಇಸ್ರೊ ಅಧ್ಯಕ್ಷ ವಿ. ನಾರಾಯಣನ್ ತಿಳಿಸಿದರು. ಒತ್ತಡ ಕುಸಿದರೆ ಏನಾಗುತ್ತದೆ? ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವುದನ್ನು ನೆನಪಿಸಿಕೊಳ್ಳಿ. ಪಂಪಿನಲ್ಲಿ ಒತ್ತಡ ಇದ್ದರೆ ಬೋರ್ಡೋ ದ್ರಾವಣ ಮರದ ತುದಿಯ ಅಡಿಕೆ ಗೊನೆವರೆಗೆ ಹೋಗುತ್ತದೆ. ಪೈಪು ಎಲ್ಲೋ ಸೋರಿದರೆ ಅರ್ಧ ಮರಕ್ಕೆ ಹೋಗಿ ವಾಪಸು ನಮ್ಮ ತಲೆ ಮೇಲೇ ಬೀಳುತ್ತದೆ. ರಾಕೆಟ್ಟಿಗೂ ಹಾಗೇ. ಒತ್ತಡ ಕಡಿಮೆಯಾದರೆ ನೂಕುಬಲ ಕಡಿಮೆ, ನೂಕುಬಲ ಕಡಿಮೆಯಾದರೆ ವೇಗ ಸಾಲದು. ಭೂಮಿಯಿಂದ 500 ಕಿ.ಮೀ. ಮೇಲೆ ಸುತ್ತುತ್ತಿರಲು ಸೆಕೆಂಡಿಗೆ ಸುಮಾರು 7.6 ಕಿ.ಮೀ. ವೇಗ ಬೇಕು. ಅಷ್ಟು ಸಿಗದಿದ್ದರೆ ಉಪಗ್ರಹ ಕೆಳಗೆ ಬೀಳಲೇಬೇಕು.

ಇನ್ನು ದುಡ್ಡಿನ ಮಾತು. 2025-26ರ ಕೇಂದ್ರ ಬಜೆಟ್ಟಿನಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟಿದ್ದು ಸುಮಾರು 13,416 ಕೋಟಿ ರೂಪಾಯಿ. ಒಟ್ಟು ಬಜೆಟ್ ಸುಮಾರು 50.65 ಲಕ್ಷ ಕೋಟಿ. ಅಂದರೆ ನೂರು ರೂಪಾಯಿಯಲ್ಲಿ 26 ಪೈಸೆ. ಈ ಲೆಕ್ಕವನ್ನು ಎಲ್ಲರೂ ಬರೆಯುತ್ತಾರೆ, ನೀವೂ ಬರೆಯಿರಿ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಖರ್ಚು ಸಣ್ಣದು ಅಂದ ಮಾತ್ರಕ್ಕೆ ಅದು ಬೇಕಾದ ಖರ್ಚು ಆಗುವುದಿಲ್ಲ, ಅಲ್ವಾ? ಬದಲಿಗೆ ಏನು ಸಿಗುತ್ತದೆ ಅನ್ನುವುದನ್ನು ಹೇಳಬೇಕು.

ಇಲ್ಲಿ ಇಒಎಸ್-09 ನಮ್ಮ ಮನೆ ಬಾಗಿಲಿಗೇ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರ, ಸಾಗರದ ಮೇಲೆ ಮೋಡ ಕವಿದಿರುತ್ತದೆ. ಸಾಮಾನ್ಯ ಕ್ಯಾಮೆರಾದ ಉಪಗ್ರಹ ಆಗ ಮೇಲಿನಿಂದ ನೋಡಿದರೆ ಕಾಣುವುದು ಬರೀ ಬಿಳಿ. ನಮಗೆ ನೆರೆ ಬರುವುದೂ ಗುಡ್ಡ ಜಾರುವುದೂ ಅದೇ ತಿಂಗಳುಗಳಲ್ಲಿ. ಇಒಎಸ್-09 ರಾಡಾರ್ ಉಪಗ್ರಹವಾಗಿತ್ತು. ಅದು ತಾನೇ ರೇಡಿಯೊ ಅಲೆ ಕಳಿಸಿ, ವಾಪಸು ಬಂದಿದ್ದನ್ನು ಅಳೆಯುತ್ತದೆ. ಆ ಅಲೆ ಮೋಡ ದಾಟಿ ಬರುತ್ತದೆ, ರಾತ್ರಿಯಲ್ಲೂ ಕೆಲಸ ಮಾಡುತ್ತದೆ. ಶಾಂತವಾಗಿ ನಿಂತ ನೀರು ಅಲೆಯನ್ನು ಕನ್ನಡಿಯ ಹಾಗೆ ಆಚೆ ಚಿಮ್ಮಿಸುತ್ತದೆ. ಹಾಗಾಗಿ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಲಿಂಗನಮಕ್ಕಿ ಹಿನ್ನೀರು ಎಲ್ಲಿವರೆಗೆ ಬಂತು, ಯಾವ ಗದ್ದೆ ಮುಳುಗಿತು ಅನ್ನುವುದನ್ನು ಮೋಡದ ಕೆಳಗೂ ಗುರುತಿಸಬಹುದು. ಇದೇ ಬಗೆಯ ಇಒಎಸ್-04 ಉಪಗ್ರಹ 2022ರ ಫೆಬ್ರುವರಿಯಲ್ಲಿ ಹೋಗಿದೆ. ಎರಡು ಇದ್ದಿದ್ದರೆ ಒಂದೇ ಜಾಗವನ್ನು ಇನ್ನೂ ಬೇಗ ಬೇಗ ನೋಡಬಹುದಿತ್ತು. ಆವತ್ತು ಕಳೆದುಕೊಂಡಿದ್ದು ಅದನ್ನು.

ಇನ್ನೊಂದು ಉದಾಹರಣೆ ಒಡಿಶಾದ್ದು. 1999ರ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಫೈಲಿನ್ ಚಂಡಮಾರುತದಲ್ಲಿ ಸಾವು ಐವತ್ತರ ಆಸುಪಾಸಿನಲ್ಲಿ ನಿಂತಿತು. ಮೊದಲೇ ಗೊತ್ತಾಗಿ ಲಕ್ಷಗಟ್ಟಲೆ ಜನರನ್ನು ಸ್ಥಳಾಂತರ ಮಾಡಿದ್ದರು. ಇದು ಉಪಗ್ರಹ ಒಂದರಿಂದಲೇ ಆದದ್ದಲ್ಲ. ಆಶ್ರಯ ಕಟ್ಟಡ, ಊರೂರಿಗೆ ಹೋದ ಸಿಬ್ಬಂದಿ, ಎಲ್ಲರ ಪಾಲೂ ಇದೆ. ಆದರೆ ಅದೇ ವರ್ಷ ಜುಲೈನಲ್ಲಿ ಹಾರಿದ ಇನ್ಸಾಟ್-3ಡಿಯಂಥ ಹವಾಮಾನ ಉಪಗ್ರಹಗಳ ಕಣ್ಣು ಇಲ್ಲದಿದ್ದರೆ ಎಚ್ಚರಿಕೆ ಅಷ್ಟು ಖಚಿತವಾಗಿ ಸಿಗುತ್ತಿರಲಿಲ್ಲ. ಅಂಥ ಉಪಗ್ರಹಗಳನ್ನು ನಡೆಸುವ ಕೇಂದ್ರ ನಮ್ಮ ಪಕ್ಕದ ಹಾಸನದಲ್ಲಿದೆ.

ಇಷ್ಟು ಹೇಳಿದ ಮೇಲೆ ಚಿಕ್ಕಪ್ಪ ಒಪ್ಪಿದರು, ಕಾಲುಸಂಕದ ಮಾತು ಮಾತ್ರ ಬಿಡಲಿಲ್ಲ. ಬಿಡಲೂಬಾರದು. ಅದು ಪಂಚಾಯಿತಿಗೂ ರಾಜ್ಯ ಸರ್ಕಾರಕ್ಕೂ ಕೇಳಬೇಕಾದ ಪ್ರಶ್ನೆ. ರಾಕೆಟ್ ಗೆದ್ದರೂ ಕೇಳಬೇಕು, ಸೋತರೂ ಕೇಳಬೇಕು.

ಈಗ ಎರಡನೇ ಪ್ರಶ್ನೆ. ಯೋಜನೆ ಬೇಕು ಅನ್ನುವುದು ಬೇರೆ, ಈ ರಾಕೆಟ್ ಯಾಕೆ ಸೋತಿತು ಅನ್ನುವುದು ಬೇರೆ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು, 1980ರ ಜುಲೈ 18ರಂದು ಗೆದ್ದಿತು. 1993ರಲ್ಲಿ ಪಿಎಸ್‌ಎಲ್‌ವಿಯ ಮೊದಲ ಹಾರಾಟವೇ ಸೋತಿತ್ತು. ಈ ಕಥೆಗಳನ್ನು ಬರೆದು "ಸೋಲೇ ಗೆಲುವಿನ ಮೆಟ್ಟಿಲು" ಎಂದು ಮುಗಿಸಿಬಿಡುವುದು ಸುಲಭ. ಆದರೆ ಸೋಲು ತಾನಾಗೇ ಮೆಟ್ಟಿಲಾಗುವುದಿಲ್ಲ. ಕಾರಣ ಹುಡುಕಿ, ಸರಿಮಾಡಿ, ಹೇಳಬೇಕು. 2021ರ ಆಗಸ್ಟ್‌ನಲ್ಲಿ ಜಿಎಸ್‌ಎಲ್‌ವಿ-ಎಫ್10 ರಾಕೆಟ್ ಸೋತಾಗ ಇಸ್ರೊ ಹಾಗೇ ಮಾಡಿತು. ದ್ರವ ಜಲಜನಕದ ತೊಟ್ಟಿಯ ಒಂದು ಕವಾಟ ಸೋರಿ ಒತ್ತಡ ಇಳಿದಿತ್ತು ಎಂದು ಬಹಿರಂಗವಾಗಿ ತಿಳಿಸಿತು.

ಸಿ61ರ ತನಿಖಾ ವರದಿ ಮುಂದಿನ ಪಿಎಸ್‌ಎಲ್‌ವಿ ಹಾರುವ ಮೊದಲು ಹಾಗೆ ಹೊರಗೆ ಬರಲಿಲ್ಲ. 2026ರ ಜನವರಿ 12ರಂದು ಪಿಎಸ್‌ಎಲ್‌ವಿ-ಸಿ62 ಹಾರಿತು. ಮತ್ತೆ ಮೂರನೇ ಹಂತದಲ್ಲೇ ತೊಂದರೆ, ಮತ್ತೆ ಉಪಗ್ರಹಗಳು ಹೋದವು.

ಆ ದಿನ ಚಿಕ್ಕಪ್ಪನೇ ಫೋನ್ ಮಾಡಿದರು. ಈ ಸಲ ದುಡ್ಡಿನ ಮಾತು ತೆಗೆಯಲಿಲ್ಲ.

"ಹೋದ ಸಲ ಸೋರಿದ್ದು ಎಲ್ಲಿ ಅಂತ ಹೇಳಿದ್ರಾ?"